ಕರೆಂಟ್ ಬಿಲ್: ನೆರವು ಮೊದಲು, ಹೊಸ ಯಂತ್ರ ಕೊನೆಗೆ

ಬಿಲ್ ಜಾಸ್ತಿ ಬಂದ ತಿಂಗಳು ಮನೆಯಲ್ಲಿ ಮೊದಲು ಬೈಸಿಕೊಳ್ಳುವವರು ಲೈಟ್ ಆರಿಸದೆ ಎದ್ದು ಹೋದವರು. ಲೆಕ್ಕ ಹಾಕಿ ನೋಡಿದರೆ ಅವರ ತಪ್ಪು ಬಹಳ ಸಣ್ಣದು. 9 ವ್ಯಾಟಿನ ಎಲ್‌ಇಡಿ ಬಲ್ಬನ್ನು ದಿನಕ್ಕೆ ಎರಡು ಗಂಟೆ ಕಡಿಮೆ ಉರಿಸಿದರೆ ತಿಂಗಳಿಗೆ ಉಳಿಯುವುದು ಅರ್ಧ ಯೂನಿಟ್‌ಗಿಂತ ಚೂರು ಹೆಚ್ಚು. ಅದೇ ಮನೆಯ ಗೀಸರ್ 100 ಲೀಟರ್ ನೀರನ್ನು 30 ಡಿಗ್ರಿ ಮೇಲೇರಿಸಲು ಒಂದೇ ಸಲಕ್ಕೆ ಮೂರೂವರೆ ಯೂನಿಟ್ ಎಳೆಯುತ್ತದೆ. ಬೆಳಕು, ಟಿವಿ, ಮೊಬೈಲ್ ಚಾರ್ಜರ್ ಕಣ್ಣಿಗೆ ಬೀಳುವ ಖರ್ಚುಗಳು. ಬಿಲ್ಲನ್ನು ಎತ್ತಿ ಹಿಡಿಯುವುದು ಶಾಖ: ಅದನ್ನು ಮನೆಯೊಳಗೆ ತರುವುದು, ಹೊರಗೆ ದಬ್ಬುವುದು, ನೀರಿಗೆ ತುಂಬುವುದು.

ಈ ಖರ್ಚು ಇಳಿಸುವ ದಾರಿಗಳು ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತು. ಎಡವುವುದು ಯಾವುದು ಮೊದಲು, ಯಾವುದು ಆಮೇಲೆ ಎಂಬಲ್ಲಿ. ಎ.ಸಿ. ಕೊಂಡು ಗೋಡೆಗೆ ಕೂರಿಸಿದ ಮೇಲೆ ಅದಕ್ಕೆ ರಿಯಾಯಿತಿ ಇತ್ತೆಂದು ತಿಳಿಯುತ್ತದೆ. ದೊಡ್ಡ ಹೀಟರ್ ಹಾಕಿಸಿದ ಮೇಲೆ ಬಾಗಿಲ ಸಂದಿಯಿಂದ ಗಾಳಿ ನುಗ್ಗುತ್ತಿದ್ದದ್ದು ಗಮನಕ್ಕೆ ಬರುತ್ತದೆ. ಮೊದಲು ಬಿಲ್ ಓದಬೇಕು, ನಂತರ ನೆರವು ಕೇಳಬೇಕು, ಆಮೇಲೆ ಸಂದಿ ಮುಚ್ಚಿ ಶಾಖಕ್ಕೆ ತಡೆ ಹಾಕಬೇಕು. ಯಂತ್ರದ ಸರದಿ ಕಟ್ಟಕಡೆಗೆ.

ಬಿಲ್ಲಿನಲ್ಲಿ ಕೊನೆಯ ಮೊತ್ತವೊಂದನ್ನು ಬಿಟ್ಟು ಉಳಿದದ್ದನ್ನು ನೋಡಿ. ಬಳಸಿದ ಯೂನಿಟ್‌ಗಳನ್ನು ಬಿಲ್ ಅವಧಿಯ ದಿನಗಳಿಂದ ಭಾಗಿಸಿ. ದಿನಕ್ಕೆ ಸರಿಯಾಗಿ 8 ಯೂನಿಟ್ ಬಳಸುವ ಮನೆಗೆ 27 ದಿನದ ಬಿಲ್ಲಿನಲ್ಲಿ 216 ಯೂನಿಟ್ ಬರುತ್ತದೆ, 34 ದಿನದ ಬಿಲ್ಲಿನಲ್ಲಿ 272. ಬಳಕೆ ಒಂದಿಷ್ಟೂ ಬದಲಾಗಿಲ್ಲ, ಆದರೂ ಎರಡು ಕಾಗದ ಪಕ್ಕಪಕ್ಕ ಇಟ್ಟರೆ ಗಾಬರಿಯಾಗುತ್ತದೆ. ರೀಡಿಂಗ್ ಮೀಟರಿನಿಂದ ತೆಗೆದದ್ದೋ, ಸರಾಸರಿ ಹಾಕಿದ್ದೋ ಎಂಬುದನ್ನೂ ನೋಡಬೇಕು. ಸರಾಸರಿ ಹಾಕಿದ ತಿಂಗಳು ಕಡಿಮೆ ಬಂದರೆ ಬಾಕಿ ಯೂನಿಟ್ ಮುಂದಿನ ತಿಂಗಳಿಗೆ ಸೇರುತ್ತದೆ. ಸ್ಲ್ಯಾಬ್ ದರ (ಬಳಕೆ ಏರಿದಂತೆ ಮೇಲಿನ ಯೂನಿಟ್‌ಗಳಿಗೆ ಹೆಚ್ಚು ದರ) ಇರುವ ಕಡೆ ಆ ಬಾಕಿಯೆಲ್ಲ ಮೇಲಿನ ಸ್ಲ್ಯಾಬಿಗೆ ಹೋಗಿ ಬೀಳುತ್ತದೆ. ಹಾಗಾದಾಗ ಯೂನಿಟ್‌ಗಳನ್ನು ಎರಡು ಅವಧಿಗೆ ಹಂಚಿ ಮರುಲೆಕ್ಕ ಹಾಕಿಕೊಡಿ ಎಂದು ಬರೆದು ಕೇಳಬೇಕು. ಕೇಳದಿದ್ದರೆ ಯಾರೂ ತಾವಾಗಿ ಮಾಡಿಕೊಡುವುದಿಲ್ಲ.

ಸ್ಲ್ಯಾಬ್ ದರದಲ್ಲಿ ಇನ್ನೊಂದು ಅಂಶವಿದೆ. ಉಳಿಸಿದ ಯೂನಿಟ್ ಕಡಿತವಾಗುವುದು ಮೇಲಿನ ತುದಿಯಿಂದ. ಆದ್ದರಿಂದ ಉಳಿತಾಯದ ಲೆಕ್ಕವನ್ನು ಸರಾಸರಿ ದರದಲ್ಲಿ ಹಾಕಬಾರದು, ನಿಮ್ಮ ಕೊನೆಯ ಯೂನಿಟ್‌ಗೆ ತೆತ್ತ ದರದಲ್ಲಿ ಹಾಕಬೇಕು. ನಿಗದಿತ ಶುಲ್ಕದ ಮಾತು ಬೇರೆ. ಎಷ್ಟು ಲೈಟ್ ಆರಿಸಿದರೂ ಅದು ಇಳಿಯದು. ಆ ಶುಲ್ಕವನ್ನು ಮಂಜೂರಾದ ಲೋಡಿನ (ನಿಮ್ಮ ಸಂಪರ್ಕಕ್ಕೆ ಕಂಪನಿ ಒಪ್ಪಿದ ಕಿಲೋವ್ಯಾಟ್) ಮೇಲೆ ಲೆಕ್ಕ ಹಾಕುವ ವ್ಯವಸ್ಥೆಯಿದ್ದು, ನಿಮ್ಮ ಗರಿಷ್ಠ ಬೇಡಿಕೆ ಅದಕ್ಕಿಂತ ತೀರಾ ಕಡಿಮೆಯಿದ್ದರೆ ಲೋಡ್ ಇಳಿಸಲು ಅರ್ಜಿ ಹಾಕಬಹುದು. ಸ್ವಲ್ಪ ಅವಕಾಶ ಉಳಿಸಿಕೊಂಡೇ ಹಾಕಿ, ಮೀರಿದರೆ ದಂಡ ಬೀಳುವ ಕಡೆಗಳೂ ಇವೆ.

ಇನ್ನು ಮೀಟರ್. ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಮಿನುಗುವ ಪುಟ್ಟ ಕೆಂಪು ದೀಪ ಒಂದು ಉಪಕರಣವೇ ಸರಿ. ಅದರ ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂದು ಅಚ್ಚಾಗಿರುತ್ತದೆ, 1000, 1600 ಅಥವಾ 3200 ಹೀಗೆ. ಎರಡು ಮಿನುಗುಗಳ ನಡುವಿನ ಸೆಕೆಂಡುಗಳನ್ನು ಎಣಿಸಿ. 36 ಲಕ್ಷವನ್ನು ಆ ಅಚ್ಚಾದ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಸೆಕೆಂಡುಗಳಿಂದ ಭಾಗಿಸಿದರೆ ಆ ಕ್ಷಣದ ವ್ಯಾಟ್ ಸಿಗುತ್ತದೆ. 3200ರ ಮೀಟರಿನಲ್ಲಿ 10 ಸೆಕೆಂಡಿಗೊಮ್ಮೆ ಮಿನುಗಿದರೆ ಸುಮಾರು 112 ವ್ಯಾಟ್. ರಾತ್ರಿ ಎಲ್ಲರೂ ಮಲಗಿದ ಮೇಲೆ, ಫ್ರಿಜ್‌ನ ಕಂಪ್ರೆಸರ್ ನಿಂತಿರುವಾಗ ಇದನ್ನು ಮಾಡಬೇಕು. ಆಗಲೂ 112 ವ್ಯಾಟ್ ಓಡುತ್ತಿದ್ದರೆ ತಿಂಗಳಿಗೆ 80 ಯೂನಿಟ್ ಸುಮ್ಮನೆ ಹೋಗುತ್ತಿದೆ ಎಂದರ್ಥ. ಸ್ವಿಚ್ ಪೆಟ್ಟಿಗೆಯಲ್ಲಿ ಪ್ರತಿ ಲೈನಿಗಿರುವ ಎಂಸಿಬಿ ಸ್ವಿಚ್ಚನ್ನು ಒಂದೊಂದಾಗಿ ಇಳಿಸುತ್ತ ಬಂದರೆ ಯಾವ ಲೈನಿನದೆಂದು ತಿಳಿಯುತ್ತದೆ. ಸೆಟ್ ಟಾಪ್ ಬಾಕ್ಸ್, ಹಳೆಯ ಯುಪಿಎಸ್, ಸದಾ ಆನ್ ಇರುವ ಗೀಸರ್, ಫ್ಲೋಟ್ ವಾಲ್ವ್ ಸರಿಯಾಗಿ ಕೂರದೆ ಆಗಾಗ ಏಳುವ ಪಂಪ್, ಹೆಚ್ಚಾಗಿ ಸಿಕ್ಕಿಬೀಳುವುದು ಇವೇ. ಮೇನ್ ಸ್ವಿಚ್ ಇಳಿಸಿದ ಮೇಲೂ ದೀಪ ಮಿನುಗುತ್ತಿದ್ದರೆ ವೈರಿಂಗ್‌ನಲ್ಲೋ ಮೀಟರಿನಲ್ಲೋ ತೊಂದರೆಯಿದೆ. ಅದನ್ನು ಬಿಚ್ಚಿ ನೋಡುವ ಸಾಹಸ ಬೇಡ, ಸರಬರಾಜು ಕಂಪನಿಗೆ ದೂರು ಕೊಡಿ.

ಬಿಲ್ ಅರ್ಥವಾದ ಮೇಲೆ ನೆರವು. ನೆರವಿನಲ್ಲಿ ಎರಡು ಬಗೆ: ಬಿಲ್ ಕಟ್ಟಲು ಸಿಗುವ ಹಣ ಒಂದು, ಮನೆ ಸರಿಪಡಿಸಲು ಸಿಗುವ ಹಣ ಇನ್ನೊಂದು. ಅಮೆರಿಕದ ಉದಾಹರಣೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಕಡಿಮೆ ಆದಾಯದವರ ಮನೆಗೆ ಕೆಲಸದವರನ್ನು ಕಳಿಸಿ ಸಂದಿ ಮುಚ್ಚಿಸಿ, ಇನ್ಸುಲೇಷನ್ (ಶಾಖ ತಡೆಯುವ ಪದರ) ಹಾಕಿಸುವ ವೆದರೈಸೇಷನ್ ಯೋಜನೆ ಅಲ್ಲಿ 1976ರ ಕಾನೂನಿನಿಂದ ಬಂದದ್ದು. ಚಳಿಗಾಲದ ಹೀಟಿಂಗ್ ಮತ್ತು ಬೇಸಿಗೆಯ ಕೂಲಿಂಗ್ ಬಿಲ್ಲಿಗೆ ಕೈಜೋಡಿಸುವ ‘ಲೈಹೀಪ್’ 1981ರದು. ಹಣ ಕೇಂದ್ರದ್ದು, ಹಂಚುವವರು ರಾಜ್ಯಗಳು, ಅರ್ಜಿ ತೆಗೆದುಕೊಳ್ಳುವುದು ಹೆಚ್ಚಾಗಿ ಸ್ಥಳೀಯ ಸಂಸ್ಥೆಗಳು. ಲೈಹೀಪ್ ಹಣದಲ್ಲಿ ಶೇ. 15ರಷ್ಟನ್ನು ರಾಜ್ಯಗಳು ಮನೆ ಸರಿಪಡಿಸುವ ಕೆಲಸಕ್ಕೆ ತಿರುಗಿಸಬಹುದು, ವಿಶೇಷ ಅನುಮತಿ ಸಿಕ್ಕರೆ ಶೇ. 25. ಬಿಲ್ ಕಟ್ಟಿದ ಹಣ ಆ ಋತುವಿಗೇ ಮುಗಿಯುತ್ತದೆ, ಗೋಡೆಯೊಳಗೆ ಹೋದ ಹಣ ಮುಂದಿನ ವರ್ಷಗಳ ಬಿಲ್ಲನ್ನೂ ಇಳಿಸುತ್ತದೆ. ಎರಡರ ಅರ್ಜಿಯನ್ನೂ ಒಟ್ಟಿಗೆ ಹಾಕುವುದು ಜಾಣತನ. ಬಿಲ್ ನೆರವಿಗೆ ಅರ್ಹರಾದವರು ಬಹುಪಾಲು ಮನೆಯ ಕೆಲಸಕ್ಕೂ ಅರ್ಹರಾಗಿರುತ್ತಾರೆ, ಕಾಗದಪತ್ರವೂ ಹೆಚ್ಚುಕಡಿಮೆ ಅದೇ.

ಹೆಸರುಗಳು ದೇಶದಿಂದ ದೇಶಕ್ಕೆ ಬೇರೆಯಾದರೂ ಬಾಗಿಲುಗಳು ಹೆಚ್ಚೇನಿಲ್ಲ. ಕಡಿಮೆ ಆದಾಯದವರಿಗೆ, ಹಿರಿಯರಿಗೆ ರಿಯಾಯಿತಿ ದರ. ಬಾಕಿಯನ್ನು ಕಂತಿನಲ್ಲಿ ಕಟ್ಟುವ ಒಪ್ಪಂದ. ಮನೆಯಲ್ಲಿ ಆಕ್ಸಿಜನ್ ಯಂತ್ರದಂಥ ಜೀವರಕ್ಷಕ ಉಪಕರಣವಿದ್ದರೆ ವೈದ್ಯರ ಪತ್ರದ ಮೇಲೆ ಸಂಪರ್ಕ ಕಡಿತದಿಂದ ರಕ್ಷಣೆ. ದಕ್ಷ ಉಪಕರಣ ಕೊಂಡರೆ ರಿಬೇಟ್. ಉಚಿತ ಅಥವಾ ಅಗ್ಗದ ಎನರ್ಜಿ ಆಡಿಟ್, ಅಂದರೆ ಮನೆಯಲ್ಲಿ ಶಾಖ, ಕರೆಂಟ್ ಎಲ್ಲಿ ಪೋಲಾಗುತ್ತಿದೆ ಎಂಬ ತಪಾಸಣೆ. ಕೆಲವು ಕಡೆ ಸುಧಾರಣೆಯ ಖರ್ಚನ್ನು ಕಂಪನಿಯೇ ಹಾಕಿ ಬಿಲ್ಲಿನ ಜೊತೆ ಕಂತಾಗಿ ವಸೂಲು ಮಾಡುವ ಸಾಲವೂ ಉಂಟು. ಅದರಲ್ಲಿ ತಿಂಗಳ ಕಂತು ತಿಂಗಳ ಉಳಿತಾಯಕ್ಕಿಂತ ಕಡಿಮೆಯಿದೆಯೇ, ಮನೆ ಬಿಟ್ಟು ಹೋದರೆ ಬಾಕಿ ಯಾರ ತಲೆಗೆ ಎಂಬ ಎರಡು ಪ್ರಶ್ನೆಗೆ ಲಿಖಿತ ಉತ್ತರ ಸಿಗುವವರೆಗೆ ಸಹಿ ಹಾಕಬೇಡಿ.

ಅರ್ಜಿ ಬಿದ್ದುಹೋಗುವುದಕ್ಕೆ ಕಾರಣಗಳು ತೀರಾ ಸಾಮಾನ್ಯ. ಮೀಟರ್ ಒಬ್ಬರ ಹೆಸರಿನಲ್ಲಿ, ವಾಸ ಇನ್ನೊಬ್ಬರದು. ಮನೆಯಲ್ಲಿರುವ ಎಲ್ಲರ ಆದಾಯ ತೋರಿಸಬೇಕಿದ್ದಲ್ಲಿ ಒಬ್ಬರದನ್ನು ಮಾತ್ರ ತೋರಿಸಿದ್ದು. ನವೀಕರಣದ ದಿನಾಂಕ ಮರೆತದ್ದು. ಹಿಂದಿನ 12 ತಿಂಗಳ ಬಿಲ್, ಗುರುತಿನ ಚೀಟಿ, ವಿಳಾಸ ಮತ್ತು ಆದಾಯದ ದಾಖಲೆ, ಬಾಡಿಗೆಯಾದರೆ ಕರಾರಿನ ಪ್ರತಿ ಮತ್ತು ಮಾಲೀಕರ ಒಪ್ಪಿಗೆ ಪತ್ರ ಇಷ್ಟನ್ನೂ ಒಂದೇ ಫೈಲಿನಲ್ಲಿ ಇಟ್ಟುಕೊಂಡರೆ ಯಾವ ಬಾಗಿಲಿಗೆ ಹೋದರೂ ಆಗುತ್ತದೆ. ರಿಬೇಟಿನ ವಿಷಯದಲ್ಲಿ ಒಂದೇ ಎಚ್ಚರಿಕೆ, ಆದರೆ ದೊಡ್ಡದು: ಅನೇಕ ಯೋಜನೆಗಳು ಮುಂಚಿತ ಅನುಮೋದನೆ ಕೇಳುತ್ತವೆ, ಮಾದರಿ ಸಂಖ್ಯೆ ಅವರ ಪಟ್ಟಿಯಲ್ಲಿ ಇರಲೇಬೇಕು. ಕೊಂಡಾದ ಮೇಲೆ ಬಿಲ್ ಹಿಡಿದು ಹೋದರೆ ಕೈ ಬೀಸಿಕೊಂಡು ಬರಬೇಕಾಗುತ್ತದೆ. ಬಾಕಿ ಉಳಿದವರು ಕಡಿತದ ನೋಟಿಸ್ ಬರುವವರೆಗೆ ಕಾಯುವುದೂ ತಪ್ಪು. ನೋಟಿಸ್‌ಗೆ ಮುಂಚೆ ಕಂತಿನ ಮಾತು ಸುಲಭ, ಕಡಿತವಾದ ಮೇಲೆ ಮರುಸಂಪರ್ಕದ ಶುಲ್ಕವೂ ಸೇರಿಕೊಳ್ಳುತ್ತದೆ. ಬಾಗಿಲಿಗೇ ಬಂದು ‘ಸರ್ಕಾರದ ಉಚಿತ ಯೋಜನೆ’ ಎಂದು ಖಾತೆ ಸಂಖ್ಯೆ, ಓಟಿಪಿ ಕೇಳುವವರನ್ನು ಹಾಗೆಯೇ ಕಳಿಸಿ, ಬಿಲ್ಲಿನ ಮೇಲಿರುವ ನಂಬರಿಗೆ ನೀವೇ ಫೋನ್ ಮಾಡಿ ವಿಚಾರಿಸಿ.

ಮನೆಯ ಕೆಲಸದಲ್ಲಿ ಮೊದಲನೆಯದು ಗಾಳಿಯ ಸಂದಿ. ಹೆಚ್ಚು ಸಲ ಕಿಟಕಿಯನ್ನೇ ದೂರುತ್ತೇವೆ. ಆದರೆ ಚಳಿಯಲ್ಲಿ ಕಾಯಿಸಿದ ಮನೆಯೊಳಗಿನ ಬಿಸಿ ಗಾಳಿ ಮೇಲೇರಿ ಚಾವಣಿಯ ತೂತುಗಳಿಂದ ಹೊರಹೋಗುತ್ತದೆ, ಆ ಜಾಗಕ್ಕೆ ಕೆಳಗಿನ ಸಂದಿಗಳಿಂದ ತಣ್ಣನೆಯ ಗಾಳಿ ಎಳೆದುಕೊಳ್ಳುತ್ತದೆ. ಹಾಗಾಗಿ ತೀರಾ ಮೇಲಿನ ಮತ್ತು ತೀರಾ ಕೆಳಗಿನ ತೂತುಗಳಿಗೇ ಬೆಲೆ ಹೆಚ್ಚು: ಅಟ್ಟದ ಮುಚ್ಚಳ, ಚಾವಣಿಯಲ್ಲಿ ವೈರು ಮತ್ತು ಪೈಪು ದಾಟುವ ಜಾಗ, ಹೊರಬಾಗಿಲ ಅಡಿ, ಸಿಂಕಿನ ಕೆಳಗೆ ಪೈಪು ಗೋಡೆ ಹೊಗುವ ಕಡೆ. ಪತ್ತೆ ಹಚ್ಚಲು ಗಾಳಿ ಬೀಸುವ ದಿನ ಕಿಟಕಿ ಬಾಗಿಲೆಲ್ಲ ಹಾಕಿ, ಎಕ್ಸಾಸ್ಟ್ ಫ್ಯಾನ್‌ಗಳನ್ನೆಲ್ಲ ಓಡಿಸಿ, ಹೊಗೆಯಾಡುವ ಊದುಬತ್ತಿಯನ್ನು ಅಂಚುಗಳ ಬಳಿ ನಿಧಾನವಾಗಿ ಒಯ್ಯಿರಿ. ಪರದೆ ಇರುವ ಕಡೆ ಜೋಪಾನ, ಮತ್ತು ಗ್ಯಾಸ್ ಉರಿಯುವ ಉಪಕರಣಗಳು ಆ ಹೊತ್ತಿಗೆ ಆರಿರಬೇಕು. ಆಡಿಟ್ ಮಾಡುವವರು ಇದನ್ನೇ ಬ್ಲೋವರ್ ಡೋರ್ ಎಂಬ ಫ್ಯಾನನ್ನು ಹೊರಬಾಗಿಲಿಗೆ ಕೂರಿಸಿ, ಒಳಗೂ ಹೊರಗೂ 50 ಪಾಸ್ಕಲ್ ಒತ್ತಡದ ವ್ಯತ್ಯಾಸ ತಂದು, ಗಂಟೆಗೆ ಮನೆಯ ಗಾಳಿ ಎಷ್ಟು ಸಲ ಬದಲಾಗುತ್ತದೆಂದು ಅಳೆಯುತ್ತಾರೆ. ಜರ್ಮನಿಯ ಪಾಸಿವ್‌ಹೌಸ್ ಮಾನದಂಡದಲ್ಲಿ ಆ ಸಂಖ್ಯೆ 0.6 ದಾಟುವಂತಿಲ್ಲ. ನಮ್ಮ ನಿಮ್ಮ ಮನೆ ಅಷ್ಟಕ್ಕೆ ಬರಬೇಕಿಲ್ಲ. ಕೆಲಸಕ್ಕೆ ಮುಂಚಿನ ಅಂಕಿ ಮತ್ತು ನಂತರದ ಅಂಕಿ ಎರಡೂ ಬರವಣಿಗೆಯಲ್ಲಿ ಸಿಕ್ಕರೆ ಸಾಕು, ಮಾಡಿದ ಕೆಲಸಕ್ಕೆ ಸಾಕ್ಷಿ ಅದೇ.

ಸಾಮಾನಿನ ಆಯ್ಕೆ ಸಂದಿಯ ಅಗಲದ ಮೇಲೆ. 6 ಮಿ.ಮೀ. ಒಳಗಿನ ಬಿರುಕಿಗೆ ಸೀಲಂಟ್ ಗನ್ ಸಾಕು. ಹೊರಗೋಡೆಗೆ ಸಿಲಿಕೋನ್, ಬಣ್ಣ ಹೊಡೆಯಬೇಕಾದ ಕಡೆ ಅಕ್ರಿಲಿಕ್, ಏಕೆಂದರೆ ಸಿಲಿಕೋನ್ ಮೇಲೆ ಬಣ್ಣ ನಿಲ್ಲುವುದಿಲ್ಲ. ಅದಕ್ಕಿಂತ ಅಗಲವಾದರೆ ಮೊದಲು ಫೋಮ್ ಹುರಿ ತುರುಕಿ ಮೇಲೆ ಸೀಲಂಟ್. ಪೈಪಿನ ಸುತ್ತಲಿನ ದೊಡ್ಡ ತೂತಿಗೆ ಸ್ಪ್ರೇ ಫೋಮ್. ಬಾಗಿಲಿನ ಚೌಕಟ್ಟಿಗೆ ರಬ್ಬರ್ ಪಟ್ಟಿ, ಅಡಿಗೆ ಬ್ರಷ್ ಪಟ್ಟಿ. ಧೂಳು ಒರೆಸದೆ, ತೇವದ ಮೇಲೆ ಅಂಟಿಸಿದ ಪಟ್ಟಿ ಬೇಗನೆ ಕಿತ್ತು ಬರುತ್ತದೆ. ಹೊಗೆಕೊಳವೆಯ ಸುತ್ತ ಮಾತ್ರ ಫೋಮ್ ಮುಟ್ಟಿಸಬೇಡಿ, ಅಲ್ಲಿಗೆ ತಗಡು ಮತ್ತು ಹೆಚ್ಚಿನ ಶಾಖ ತಡೆಯುವ ಸೀಲಂಟೇ ಆಗಬೇಕು. ಡಕ್ಟ್ ಮೂಲಕ ಗಾಳಿ ಹರಿಯುವ ಮನೆಗಳಲ್ಲಿ ಕೀಲುಗಳಿಗೆ ಬಳಿಯಬೇಕಾದದ್ದು ಮ್ಯಾಸ್ಟಿಕ್ ಎಂಬ ಗಟ್ಟಿ ಅಂಟು. ಬಟ್ಟೆಯ ಬೆನ್ನಿನ ಡಕ್ಟ್ ಟೇಪ್ ಹೆಸರಿಗೆ ಮಾತ್ರ ಡಕ್ಟಿನದು. 1998ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಬಗೆಬಗೆಯ ಸೀಲಂಟ್‌ಗಳನ್ನು ಶಾಖಕ್ಕೆ ಒಡ್ಡಿ ನೋಡಿದಾಗ ಬಾಳದೆ ಸೋತದ್ದು ಅದೇ ಟೇಪು.

ಇಲ್ಲಿ ಜೀವದ ಪ್ರಶ್ನೆಯೂ ಇದೆ. ಮನೆಯೊಳಗೆ ಗ್ಯಾಸ್ ಗೀಸರ್ ಅಥವಾ ಉರಿಯುವ ಹೀಟರ್ ಇದ್ದರೆ ಅದಕ್ಕೆ ಗಾಳಿ ಬೇಕು, ಹೊಗೆ ಹೊರಹೋಗಲು ದಾರಿ ಬೇಕು. ಸಂದಿಯೆಲ್ಲ ಮುಚ್ಚಿ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಕೊಳವೆಯ ಹೊಗೆ ಹಿಮ್ಮುಖವಾಗಿ ಒಳಗೇ ಇಳಿಯಬಹುದು. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅಂಥ ಮನೆಯಲ್ಲಿ ಸಂದಿ ಮುಚ್ಚುವ ಮೊದಲೂ ನಂತರವೂ ಹೊಗೆಯ ಎಳೆತ ಪರೀಕ್ಷಿಸಬೇಕು, ಮಲಗುವ ಕೋಣೆಯ ಬಳಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಬೇಕು. ಉಪಕರಣದವರು ಬಿಡಿಸಿದ ಗಾಳಿಕಿಂಡಿಯನ್ನು ಚಳಿ ಬರುತ್ತದೆಂದು ಬಟ್ಟೆ ತುರುಕಿ ಮುಚ್ಚುವಂತಿಲ್ಲ.

ಆಮೇಲೆ ಇನ್ಸುಲೇಷನ್, ಅದೂ ಮೊದಲು ಮೇಲ್ಛಾವಣಿಗೆ. ಬರೀ ಕಾಂಕ್ರೀಟ್ ಚಾವಣಿಯ 20 ಚದರ ಮೀಟರ್ ಕೋಣೆಗೆ, ಒಳಗೂ ಹೊರಗೂ 10 ಡಿಗ್ರಿ ವ್ಯತ್ಯಾಸವಿದ್ದರೆ, ಚಾವಣಿಯೊಂದರಿಂದಲೇ ಸುಮಾರು 650 ವ್ಯಾಟ್ ಶಾಖ ದಾಟುತ್ತದೆ. 50 ಮಿ.ಮೀ. ಒಳ್ಳೆಯ ಫೋಮ್ ಹಲಗೆ ಹಾಕಿದರೆ ಅದು 100ರ ಆಸುಪಾಸಿಗೆ ಬೀಳುತ್ತದೆ. ಇನ್ನೂ 50 ಮಿ.ಮೀ. ಸೇರಿಸಿದರೆ 55. ಮೊದಲ ಪದರ ತಡೆದದ್ದು 550 ವ್ಯಾಟ್, ಎರಡನೆಯದು 45. ಅಂದರೆ ಒಂದು ಕೋಣೆಗೆ ದಪ್ಪವಾಗಿ ಹಾಕಿ ಇನ್ನೊಂದನ್ನು ಬರಿದೇ ಬಿಡುವುದಕ್ಕಿಂತ ಎಲ್ಲ ಕಡೆ ತೆಳುವಾಗಿ ಹಾಕುವುದು ಲಾಭ. ಬಿಸಿಲಿನ ನಾಡಿನಲ್ಲಿ ಚಾವಣಿಯ ಹೊರಮೈ ಗಾಳಿಗಿಂತ ಬಹಳ ಹೆಚ್ಚು ಕಾಯುವುದರಿಂದ ಶಾಖ ಈ ಲೆಕ್ಕಕ್ಕಿಂತಲೂ ಹೆಚ್ಚೇ ಇಳಿಯುತ್ತದೆ. ಅಲ್ಲಿ ಮೊದಲು ಬಿಳಿಯ ಪ್ರತಿಫಲನ ಲೇಪ ಹೊಡೆಯುವುದು ಅಗ್ಗದ ಉಪಾಯ. ಧೂಳು, ಪಾಚಿ ಕೂತರೆ ಅದರ ಗುಣ ಕುಗ್ಗುತ್ತದೆ, ಆಗಾಗ ತೊಳೆಯಬೇಕು.

ಇನ್ಸುಲೇಷನ್ ಕೆಡುವುದು ಮೂರು ಕಾರಣಕ್ಕೆ: ಒತ್ತಿ ತುರುಕಿದ್ದು, ಒದ್ದೆಯಾದದ್ದು, ಕೆಳಗಿನ ಸಂದಿ ಮುಚ್ಚದೆ ಮೇಲೆ ಹಾಸಿದ್ದು. ಗಾಜಿನ ಉಣ್ಣೆ ಶಾಖ ತಡೆಯುವುದು ಎಳೆಗಳ ನಡುವೆ ನಿಂತ ಗಾಳಿಯಿಂದ. ಒತ್ತಿದರೆ ಆ ಗಾಳಿ ಹೋಗುತ್ತದೆ, ಸಂದಿಯಿದ್ದರೆ ಗಾಳಿ ನಿಲ್ಲುವುದೇ ಇಲ್ಲ. ಚಳಿ ನಾಡಿನಲ್ಲಿ ಒಳಗಿನ ತೇವಗಾಳಿ ಉಣ್ಣೆಯೊಳಗೆ ಹೊಕ್ಕು ತಣ್ಣಗಾದಾಗ ನೀರಾಗಿ ಇಳಿಯುತ್ತದೆ, ಬೂಷ್ಟು ಹಿಡಿಯುತ್ತದೆ. ಅಲ್ಲಿ ಆವಿ ತಡೆಯುವ ಹಾಳೆ ಬೆಚ್ಚಗಿನ ಬದಿಗೆ ಬರಬೇಕು.

ಬಿಸಿನೀರಿನಲ್ಲಿ ಉಳಿತಾಯದ ಮೂಲ ಶವರ್ ತಲೆ. ಒಂದು ನಿಮಿಷ ಬಕೆಟ್ಟಿಗೆ ಬಿಟ್ಟು ಅಳೆಯಿರಿ. ನಿಮಿಷಕ್ಕೆ 10 ಲೀಟರ್ ಬರುತ್ತಿದ್ದದ್ದನ್ನು 6 ಲೀಟರಿನದಕ್ಕೆ ಬದಲಿಸಿದರೆ, ಹತ್ತು ನಿಮಿಷದ ಸ್ನಾನಕ್ಕೆ 40 ಲೀಟರ್ ಉಳಿಯುತ್ತದೆ. ಆ ನೀರನ್ನು 20 ಡಿಗ್ರಿ ಕಾಯಿಸಲು 0.93 ಯೂನಿಟ್. ನಾಲ್ಕು ಜನರ ಮನೆಗೆ ತಿಂಗಳಿಗೆ 110 ಯೂನಿಟ್ ದಾಟುತ್ತದೆ. ಇಡೀ ಪಟ್ಟಿಯಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಕೊಡುವ ಭಾಗ ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಟ್ಯಾಂಕ್ ಗೀಸರಿನ ಹೊರಮೈ ಮುಟ್ಟಿದರೆ ಬೆಚ್ಚಗಿದ್ದರೆ ಶಾಖ ಸೋರುತ್ತಿದೆ. ಹೊದಿಕೆ ಹಾಕಬಹುದು, ಪ್ರೆಷರ್ ವಾಲ್ವ್ ಮತ್ತು ಥರ್ಮೋಸ್ಟಾಟ್ ಮುಚ್ಚಬಾರದು. ಟ್ಯಾಂಕಿನ ಉಷ್ಣತೆಯನ್ನು ಬೇಕಾಬಿಟ್ಟಿ ಇಳಿಸುವ ಸಲಹೆಯನ್ನು ಮಾತ್ರ ನಾವು ಒಪ್ಪುವುದಿಲ್ಲ. ಉಗುರುಬೆಚ್ಚಗೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದಕ್ಕೇ ಶೇಖರಣೆಗೆ 60 ಡಿಗ್ರಿ ಎಂದು ಹೇಳುವುದು. ಸುಡುವ ಭಯವಿದ್ದರೆ ನಲ್ಲಿಯ ಬಳಿ ಮಿಶ್ರಣ ವಾಲ್ವ್ ಹಾಕಿಸಿ.

ಕೊನೆಗೆ ಯಂತ್ರಗಳು. ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್, ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿ.ಸಿ. ಮೋಟಾರಿನ) ಫ್ಯಾನ್ 30. ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 16 ಯೂನಿಟ್ ವ್ಯತ್ಯಾಸ, ದಿನಕ್ಕೆ ಒಂದೇ ಗಂಟೆ ತಿರುಗುವ ಕೋಣೆಗೆ ಒಂದೂವರೆ ಯೂನಿಟ್ ಕೂಡ ಇಲ್ಲ. ಹೆಚ್ಚು ತಿರುಗುವುದನ್ನು ಮಾತ್ರ ಬದಲಿಸಿ. ಫ್ರಿಜ್ ಬದಲಿಸುವ ಮುಂಚೆ ಬಾಗಿಲ ಗ್ಯಾಸ್ಕೆಟ್‌ಗೆ ಕಾಗದ ಸಿಕ್ಕಿಸಿ ಎಳೆದು ನೋಡಿ, ಸಲೀಸಾಗಿ ಬಂದರೆ ಗ್ಯಾಸ್ಕೆಟ್ಟಷ್ಟೇ ಬದಲಿಸಿದರೆ ಸಾಕಾಗಬಹುದು. ಹಿಂಬದಿಯ ಕಾಯಿಲ್ ಮೇಲಿನ ಧೂಳು ತೆಗೆಯಿರಿ, ಒಳಗೆ 4 ಡಿಗ್ರಿ, ಫ್ರೀಜರಿಗೆ ಮೈನಸ್ 18 ಸಾಕು.

ಎ.ಸಿ. ಮತ್ತು ಹೀಟ್ ಪಂಪ್ (ಹೊರಗಿನ ಶಾಖವನ್ನು ಒಳಗೆ ಸಾಗಿಸಿ ಮನೆ ಕಾಯಿಸುವ ಯಂತ್ರ) ಕೊನೆಗೆ ಬರಲು ಕಾರಣವಿದೆ. ಸಂದಿ ಮುಚ್ಚಿ ಚಾವಣಿ ಹೊದಿಸಿದ ಮನೆಗೆ ಬೇಕಾಗುವ ಯಂತ್ರ ಚಿಕ್ಕದು. ಮೊದಲೇ ಕೊಂಡರೆ ದೊಡ್ಡದು ಬಂದು ಕೂರುತ್ತದೆ, ಆಮೇಲೆ ಮನೆ ಸರಿಮಾಡಿದಾಗ ಅದು ಬೇಗಬೇಗ ಆನ್ ಆಫ್ ಆಗುತ್ತ, ಗಾಳಿಯ ತೇವ ತೆಗೆಯುವಷ್ಟು ಹೊತ್ತು ಓಡದೆ, ತಂಪಿದ್ದರೂ ಜಿಗುಟು ಉಳಿಸುತ್ತದೆ. ಹೀಟ್ ಪಂಪ್ ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ ಸಾಗಿಸುತ್ತದೆ. ಅದರ ಜೊತೆ ಬರುವ ಸಹಾಯಕ ಕಾಯಿಲ್ ಹೀಟರ್ ಮಾತ್ರ ಒಂದಕ್ಕೆ ಒಂದೇ. ರಾತ್ರಿ ಥರ್ಮೋಸ್ಟಾಟ್ ತೀರಾ ಇಳಿಸಿ ಬೆಳಿಗ್ಗೆ ಒಮ್ಮೆಲೇ ಏರಿಸಿದರೆ ಆ ಕಾಯಿಲ್ ಏಳುತ್ತದೆ. ಹೊಸ ಹೀಟ್ ಪಂಪ್ ಹಾಕಿಸಿಯೂ ಬಿಲ್ ಇಳಿಯದ ಮನೆಯಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಪ್ರತಿ ವರ್ಷ ಎ.ಸಿ.ಗೆ ಗ್ಯಾಸ್ ತುಂಬಿಸಬೇಕೆನ್ನುವ ಮೆಕ್ಯಾನಿಕ್ ಸೋರಿಕೆ ಹುಡುಕದೆ ಹಣ ಕೇಳುತ್ತಿದ್ದಾರೆ. ಆ ಗ್ಯಾಸ್ ಮುಚ್ಚಿದ ಕೊಳವೆಯೊಳಗೇ ಸುತ್ತುವಂಥದ್ದು, ಖರ್ಚಾಗಿ ಮುಗಿಯುವುದಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಆಡಿಟ್ ವರದಿ ಹೇಳಿದಷ್ಟು ಬಿಲ್ ಇಳಿಯದಿರಬಹುದು. ಮೊದಲು ಒಂದೇ ಕೋಣೆ ಕಾಯಿಸಿ ಉಳಿದವನ್ನು ಚಳಿಗೆ ಬಿಟ್ಟಿದ್ದವರು ಈಗ ಮೂರು ಕೋಣೆ ಬೆಚ್ಚಗಿಡುತ್ತಾರೆ. ಅದನ್ನು ವಿಫಲವೆಂದು ಬರೆದುಕೊಳ್ಳುವ ಲೆಕ್ಕಿಗರ ಜೊತೆ ನಮಗೆ ತಕರಾರಿದೆ, ವಯಸ್ಸಾದವರಿಗೂ ಮಕ್ಕಳಿಗೂ ಆ ಬೆಚ್ಚಗಿನ ಕೋಣೆಯೇ ಕೆಲಸದ ಫಲ. ಹೋಲಿಕೆ ಮಾಡುವಾಗ ಹಿಂದಿನ ತಿಂಗಳನ್ನು ಬಿಟ್ಟು ಹಿಂದಿನ ವರ್ಷದ ಅದೇ ತಿಂಗಳಿನ ದಿನದ ಸರಾಸರಿ ಯೂನಿಟ್ ತೆಗೆದುಕೊಳ್ಳಿ.

ವರ್ಷದ ಬಿಲ್ಲನ್ನು ಸಮ ಕಂತುಗಳಾಗಿ ಹಂಚಿ ಕಟ್ಟುವ ಯೋಜನೆಯಲ್ಲಿ ಇರುವವರಿಗೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಆ ಕಂತು ನಿಗದಿಯಾದದ್ದು ಹಳೆಯ ಬಳಕೆಯ ಮೇಲೆ. ಮನೆ ಸರಿಯಾಗಿ ಬಳಕೆ ಇಳಿದರೂ ಕಂತು ಹಾಗೇ ಮುಂದುವರಿಯಬಹುದು, ಹೆಚ್ಚಾಗಿ ಕಟ್ಟಿದ ಹಣ ವರ್ಷಾಂತ್ಯದ ತೀರುವಳಿಯವರೆಗೆ ಕಂಪನಿಯಲ್ಲೇ ಕೂತಿರುತ್ತದೆ. ಸುಧಾರಣೆಯಾದ ಮೇಲೆ ಮೂರು ತಿಂಗಳ ನಿಜವಾದ ರೀಡಿಂಗ್ ಇಟ್ಟುಕೊಂಡು ಕಂತಿನ ಮರುಲೆಕ್ಕಕ್ಕೆ ಅರ್ಜಿ ಕೊಡಿ. ಅದೇ ವೇಳೆಗೆ ಬಿಲ್ ನೆರವಿನ ನವೀಕರಣದ ದಿನಾಂಕವನ್ನೂ ಕೇಳಿ ಬರೆದಿಟ್ಟುಕೊಳ್ಳಿ.